ರೋಮ್‌ನಲ್ಲಿ ಮೇಷ್ಟ್ರಿಗೆ ಫೀಸು ಕೊಡುತ್ತಿದ್ದವರು ಯಾರು?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಪ್ರಾಚೀನ ರೋಮ್‌ನ ಶಿಕ್ಷಣದ ಬಗ್ಗೆ ಒಂದು ಚಾರ್ಟ್ ಮಾಡಬೇಕಂತೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಒಂದೇ ಚಿತ್ರ: 7ರಿಂದ 11 ವರ್ಷ ಪ್ರಾಥಮಿಕ, 12ರಿಂದ 15 ಮಾಧ್ಯಮಿಕ, ಆಮೇಲೆ ಕಾಲೇಜು. ಅಂದರೆ ನಮ್ಮ ಹಾಗೇ ಇತ್ತಾ? ಸರ್ಕಾರಿ ಶಾಲೆ ಇತ್ತಾ? ಬಡವರ ಮಕ್ಕಳು, ಹೆಣ್ಣುಮಕ್ಕಳು ಹೋಗುತ್ತಿದ್ದರಾ? ಮೇಷ್ಟ್ರುಗಳು ಸಿಕ್ಕಾಪಟ್ಟೆ ಹೊಡೆಯುತ್ತಿದ್ದರು ಅಂತಾರಲ್ಲ, ಅದು ನಿಜವಾ?

ಉತ್ತರ: ಆ ಮೂರು ಮೆಟ್ಟಿಲಿನ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ನೋಡಿದವರಿಗೆ ರೋಮ್‌ನಲ್ಲಿ ಒಂದು ಶಿಕ್ಷಣ ಇಲಾಖೆ ಇತ್ತು, ಅದು ಸಿಲಬಸ್ ಮಾಡಿ ಊರೂರಿಗೆ ಕಳಿಸುತ್ತಿತ್ತು ಅನ್ನಿಸಿಬಿಡುತ್ತದೆ. ಅಂಥದ್ದೇನೂ ಇರಲಿಲ್ಲ. ಪಬ್ಲಿಕ್ ಪರೀಕ್ಷೆ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ, ಬಹಳ ಕಡೆ ಶಾಲೆಯ ಕಟ್ಟಡವೂ ಇಲ್ಲ. ಇದ್ದದ್ದು ಒಬ್ಬ ಮೇಷ್ಟ್ರು, ಅವನಿಗೆ ಫೀಸು ಕೊಡುವ ಒಬ್ಬ ಅಪ್ಪ. ಇವರಿಬ್ಬರ ನಡುವಿನ ವ್ಯವಹಾರವೇ ರೋಮನ್ ಶಾಲೆ. ಹಾಗಾಗಿ ದುಡ್ಡಿನಿಂದಲೇ ಶುರು ಮಾಡುತ್ತೇನೆ. ಮಿಕ್ಕಿದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಹಳೇ ಕಾಲದಲ್ಲಿ ಓದು ಮನೆಯಲ್ಲೇ ಆಗುತ್ತಿತ್ತು. ಕ್ರಿ.ಪೂ. 2ನೇ ಶತಮಾನದ ರಾಜಕಾರಣಿ ಕೇಟೋ ಮಗನಿಗೆ ತಾನೇ ಪಾಠ ಹೇಳಿದ. ಅವನ ಮನೆಯಲ್ಲಿ ಕಿಲೋ ಅಂತ ಒಬ್ಬ ಗುಲಾಮನಿದ್ದ, ಚೆನ್ನಾಗಿ ಓದಿಕೊಂಡವನು, ಬೇರೆಯವರ ಮಕ್ಕಳಿಗೆ ಪಾಠ ಮಾಡುತ್ತಿದ್ದವನು. ಆದರೆ ತನ್ನ ಮಗನ ಕಿವಿಯನ್ನು ಒಬ್ಬ ಗುಲಾಮ ಹಿಂಡುವುದು ಕೇಟೋಗೆ ಬೇಕಿರಲಿಲ್ಲ. ಮಗ ಓದಲಿ ಅಂತ ದಪ್ಪ ದಪ್ಪ ಅಕ್ಷರದಲ್ಲಿ ಒಂದು ಇತಿಹಾಸವನ್ನೂ ಕೈಯಾರೆ ಬರೆದನಂತೆ. ಈ ಕಿವಿ ಹಿಂಡುವ ಗುಲಾಮನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಫೀಸು ತೆಗೆದುಕೊಂಡು ಶಾಲೆ ತೆರೆದ ಮೊದಲಿಗ ಸ್ಪುರಿಯಸ್ ಕಾರ್ವಿಲಿಯಸ್ ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಅದು ಕ್ರಿ.ಪೂ. 3ನೇ ಶತಮಾನ. ಅಲ್ಲಿಂದ ಮುಂದೆ ಸಾಮ್ರಾಜ್ಯದ ಉದ್ದಗಲಕ್ಕೂ ಇದೇ ಮಾದರಿ. ಪೇಟೆ ಚೌಕದ ಕಂಬದ ಸಾಲಿನಲ್ಲಿ, ಅಂಗಡಿಯ ಜಗಲಿಯಲ್ಲಿ ಜಾಗ ಹಿಡಿದು ಮೇಷ್ಟ್ರು ಕೂರುತ್ತಿದ್ದ. ಬೀದಿಯ ಗದ್ದಲಕ್ಕೆ ಅಡ್ಡ ಅಂತ ಹೆಚ್ಚೆಂದರೆ ಒಂದು ಪರದೆ. ಗದ್ದಲ ಒಳಗಿನದೇ ಜಾಸ್ತಿ ಇರುತ್ತಿತ್ತು ಅನ್ನಿ. ಕೋಳಿ ಕೂಗುವ ಮೊದಲೇ ನಿನ್ನ ಕೂಗಾಟ, ಏಟಿನ ಸದ್ದು ಶುರುವಾಗುತ್ತದೆ, ನಮಗೆ ನಿದ್ದೆ ಬೇಡವಾ ಅಂತ ಕವಿ ಮಾರ್ಷಲ್ ಪಕ್ಕದ ಮೇಷ್ಟ್ರ ಮೇಲೆ ಒಂದು ಪದ್ಯವನ್ನೇ ಬರೆದಿದ್ದಾನೆ. ಈ ಥರದ ಶಾಲೆಗೆ ಲೂಡುಸ್ ಅಂತ ಹೆಸರು. ಆಟಕ್ಕೂ ಲ್ಯಾಟಿನ್‌ನಲ್ಲಿ ಅದೇ ಪದ, ಗ್ಲಾಡಿಯೇಟರ್‌ಗಳನ್ನು ತಯಾರು ಮಾಡುವ ಜಾಗಕ್ಕೂ ಅದೇ.

ಫೀಸು ಎಷ್ಟು? ಹೊರೇಸ್ ಕವಿಯ ಊರು ವೆನೂಸಿಯಾ. ಅಲ್ಲಿ ಫ್ಲಾವಿಯಸ್ ಅನ್ನುವವನ ಶಾಲೆಗೆ ಸೈನ್ಯಾಧಿಕಾರಿಗಳ ಮಕ್ಕಳು ಎಡ ಹೆಗಲಿಗೆ ಚೀಲ, ಹಲಗೆ ತೂಗುಹಾಕಿಕೊಂಡು, ತಿಂಗಳ ನಡುವೆ ಎಂಟು ತಾಮ್ರದ ಕಾಸು ಹಿಡಿದು ಹೋಗುತ್ತಿದ್ದರು. ತೀರಾ ಸಣ್ಣ ಮೊತ್ತ. ಖಚಿತ ಲೆಕ್ಕ ಬೇಕೆಂದರೆ ಕ್ರಿ.ಶ. 301ಕ್ಕೆ ಬರಬೇಕು. ಬೆಲೆಗಳು ಕೈಮೀರಿದಾಗ ಡಯೊಕ್ಲೀಷಿಯನ್ ಚಕ್ರವರ್ತಿ ಎಲ್ಲಕ್ಕೂ ಗರಿಷ್ಠ ದರ ಕಟ್ಟಿದ. ಅದರಲ್ಲಿ ಅಕ್ಷರ ಕಲಿಸುವ ಮೇಷ್ಟ್ರಿಗೆ ಒಬ್ಬ ಹುಡುಗನಿಗೆ ತಿಂಗಳಿಗೆ 50 ಡಿನೇರಿಯಸ್ ನಾಣ್ಯ. ಲೆಕ್ಕ ಕಲಿಸುವವನಿಗೆ 75, ಶೀಘ್ರಲಿಪಿಯವನಿಗೂ 75. ಸಾಹಿತ್ಯ, ವ್ಯಾಕರಣ ಹೇಳುವವನಿಗೆ 200. ಭಾಷಣ ಕಲಿಸುವವನಿಗೆ 250. ಅದೇ ಪಟ್ಟಿಯಲ್ಲಿ ಬಡಗಿಗೆ ದಿನಕ್ಕೆ 50, ಊಟ ಬೇರೆ. ಅಂದರೆ ಒಬ್ಬ ಬಡಗಿ ತಿಂಗಳಿಡೀ ದುಡಿದು ತರುವಷ್ಟು ಸಂಪಾದಿಸಬೇಕಾದರೆ ಅಕ್ಷರದ ಮೇಷ್ಟ್ರಿಗೆ 30 ಮಕ್ಕಳು ಬೇಕು, ಮೂವತ್ತೂ ಜನ ಸರಿಯಾಗಿ ಫೀಸು ಕೊಡಬೇಕು.

ಅವರು ಕೊಡುತ್ತಿರಲಿಲ್ಲ. ಆಗ ಭಾಷಣ ಕಲಿಸುವ ಮೇಷ್ಟ್ರಾಗಿದ್ದ ಸಂತ ಅಗಸ್ಟೀನ್ 383ರ ಸುಮಾರಿಗೆ ಆಫ್ರಿಕದ ಕಾರ್ತೇಜ್ ಬಿಟ್ಟು ರೋಮ್‌ಗೆ ಬಂದದ್ದೇ ಅಲ್ಲಿನ ಹುಡುಗರ ಪುಂಡಾಟ ತಾಳಲಾರದೆ. ರೋಮ್‌ನಲ್ಲಿ ಹುಡುಗರು ಮರ್ಯಾದೆಯಾಗಿ ಕೂರುತ್ತಾರೆ ಅಂತ ಕೇಳಿದ್ದ. ಕೂತರು, ನಿಜ. ಆದರೆ ಫೀಸು ಕೊಡುವ ದಿನ ಹತ್ತಿರ ಬಂದಾಗ ಎಲ್ಲರೂ ಮಾತಾಡಿಕೊಂಡು ಒಟ್ಟಿಗೆ ಬೇರೆ ಮೇಷ್ಟ್ರ ಹತ್ತಿರ ಹೋಗಿಬಿಡುತ್ತಿದ್ದರು! ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ಊರಿನ ಆಟದ ಬಯಲಿನ ಒಂದು ಕಂಬದ ಮೇಲೂ ಒಂದು ಗೀಚು ಉಳಿದಿದೆ: ನನಗೆ ಪಾಠದ ಫೀಸು ಕೊಟ್ಟವನಿಗೆ ದೇವರು ಬೇಡಿದ್ದನ್ನು ಕೊಡಲಿ. ಬರೆದವನಿಗೆ ಎಷ್ಟು ತಿಂಗಳ ಬಾಕಿ ಇತ್ತೋ!

ಇನ್ನು ಆರ್ಬಿಲಿಯಸ್. ಹೊರೇಸ್‌ನ ಮೇಷ್ಟ್ರು. ಶಿಷ್ಯ ಇವನಿಗೆ ಕೊಟ್ಟ ವಿಶೇಷಣ ಒಂದೇ ಪದ, 'ಹೊಡೆಬಡೆಯುವ'. ಎರಡು ಸಾವಿರ ವರ್ಷದಿಂದ ಆ ಹೆಸರು ಅವನನ್ನು ಬಿಟ್ಟಿಲ್ಲ. ಆದರೆ ರೋಮನ್ ಲೇಖಕ ಸೂಟೋನಿಯಸ್ ಬರೆದ ಅವನ ಚಿಕ್ಕ ಜೀವನಚರಿತ್ರೆ ಓದಿದರೆ ನನಗಂತೂ ಅಯ್ಯೋ ಅನ್ನಿಸುತ್ತದೆ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಒಂದೇ ದಿನ ಕೊಲೆಯಾದರು. ಸೈನ್ಯದಲ್ಲಿ ದುಡಿದ, ಊರಲ್ಲಿ ಪಾಠ ಮಾಡಿದ, 50ನೇ ವಯಸ್ಸಿಗೆ, ಕ್ರಿ.ಪೂ. 63ರಲ್ಲಿ, ರೋಮ್‌ಗೆ ಬಂದ. ಹೆಸರು ಬಂತು, ದುಡ್ಡು ಬರಲಿಲ್ಲ. ಮುದುಕನಾದಾಗ, ನಾನು ಹೆಂಚಿನ ಕೆಳಗೆ, ಅಟ್ಟದ ಮೇಲೆ ಬದುಕುತ್ತಿದ್ದೇನೆ ಅಂತ ತಾನೇ ಬರೆದುಕೊಂಡ. ತಂದೆತಾಯಿಗಳ ಅಸಡ್ಡೆಯಿಂದ, ಅತಿಯಾಸೆಯಿಂದ ಮೇಷ್ಟ್ರುಗಳು ಪಡುವ ಪಾಡಿನ ಬಗ್ಗೆ ಒಂದು ಪುಸ್ತಕವನ್ನೂ ಬರೆದಿದ್ದ. ಅದು ಉಳಿದಿಲ್ಲ. ಪೇರೆಂಟ್ಸ್ ಮೀಟಿಂಗ್ ಮುಗಿಸಿ ಬಂದ ಯಾವ ಶಿಕ್ಷಕರಿಗೂ ಅದರಲ್ಲಿ ಏನಿತ್ತು ಅಂತ ಊಹಿಸುವುದು ಕಷ್ಟವಲ್ಲ. ಸುಮಾರು ನೂರು ವರ್ಷ ಬದುಕಿದ, ಕೊನೆಗೆ ನೆನಪಿನ ಶಕ್ತಿ ಹೋಗಿತ್ತು.

ಹಾಗಂತ ಎಲ್ಲ ಮೇಷ್ಟ್ರೂ ಅಟ್ಟದಲ್ಲಿರಲಿಲ್ಲ. ಕ್ರಿ.ಶ. 1ನೇ ಶತಮಾನದ ರೆಮ್ಮಿಯಸ್ ಪಲೇಮನ್ ಹುಟ್ಟಿನಿಂದ ಗುಲಾಮ. ಮೊದಲು ಕಲಿತದ್ದು ನೇಯ್ಗೆ. ಯಜಮಾನಿಯ ಮಗನನ್ನು ಶಾಲೆಗೆ ಕರೆದುಕೊಂಡು ಹೋಗುವ ಕೆಲಸ ಸಿಕ್ಕಿತು. ಪಕ್ಕದಲ್ಲಿ ಕೂತು ಕೇಳಿಸಿಕೊಂಡೇ ಅಕ್ಷರ ಕಲಿತ. ಆಮೇಲೆ ಬಿಡುಗಡೆಯಾಗಿ ರೋಮ್‌ನ ಮೊದಲ ಸಾಲಿನ ವ್ಯಾಕರಣದ ಮೇಷ್ಟ್ರಾದ. ಶಾಲೆಯಿಂದ ವರ್ಷಕ್ಕೆ 4,00,000 ಸೆಸ್ಟರ್ಸ್ ನಾಣ್ಯ ಬರುತ್ತಿತ್ತಂತೆ. ಆ ಕಾಲದಲ್ಲಿ ಶ್ರೀಮಂತ ಅಶ್ವಾರೋಹಿ ವರ್ಗಕ್ಕೆ ಸೇರಲು ಬೇಕಾಗಿದ್ದ ಪೂರ್ತಿ ಆಸ್ತಿಯ ಮೌಲ್ಯವೇ ಅಷ್ಟು. ಇವನ ನಡತೆ ಸರಿಯಿಲ್ಲ, ಮಕ್ಕಳನ್ನು ಕಳಿಸಬೇಡಿ ಅಂತ ಟೈಬೀರಿಯಸ್, ಕ್ಲಾಡಿಯಸ್ ಇಬ್ಬರು ಚಕ್ರವರ್ತಿಗಳೂ ಬಾಯಿಬಿಟ್ಟು ಹೇಳಿದರು. ಜನ ಕಳಿಸುತ್ತಲೇ ಇದ್ದರು.

ಮಗುವನ್ನು ಶಾಲೆಗೆ ಕರೆದೊಯ್ಯುವ ಈ ಗುಲಾಮನಿಗೆ ಗ್ರೀಕ್ ಮೂಲದ ಹೆಸರಿತ್ತು, ಪೆಡಗೋಗ್. ಮಗುವನ್ನು ನಡೆಸಿಕೊಂಡು ಹೋಗುವವನು ಅಂತ ಅರ್ಥ. ಬಿ.ಎಡ್. ಮಾಡಿದವರಿಗೆ ಈ ಪದದ ಮೊಮ್ಮಕ್ಕಳು ಚೆನ್ನಾಗಿ ಗೊತ್ತು. ಚೀಲ ಹೊರಲು ಇನ್ನೊಬ್ಬ ಗುಲಾಮನಿರುತ್ತಿದ್ದದ್ದೂ ಉಂಟು. ಹೊರೇಸ್‌ನ ಅಪ್ಪ ಸ್ವತಃ ಬಿಡುಗಡೆಯಾದ ಗುಲಾಮ. ಮಗನನ್ನು ಊರಿನ ಅಗ್ಗದ ಶಾಲೆಗೆ ಹಾಕದೆ ರೋಮ್‌ಗೆ ಕರೆತಂದ. ಪೆಡಗೋಗ್‌ನನ್ನು ಇಡದೆ ತಾನೇ ಮಗನ ಜೊತೆ ಒಬ್ಬೊಬ್ಬ ಮೇಷ್ಟ್ರ ಹತ್ತಿರವೂ ಓಡಾಡಿದ.

ದಿನ ಹೇಗಿರುತ್ತಿತ್ತು ಅನ್ನುವುದಕ್ಕೆ ಒಂದು ಒಳ್ಳೆ ಸಾಕ್ಷಿ ಇದೆ. ಗ್ರೀಕ್, ಲ್ಯಾಟಿನ್ ಎರಡನ್ನೂ ಕಲಿಯಲು ಮಕ್ಕಳು ಬಳಸುತ್ತಿದ್ದ ಮಾತುಕತೆಯ ಪಾಠಗಳು ಉಳಿದಿವೆ. ಅದರಲ್ಲಿ ಹುಡುಗನೇ ಮಾತಾಡುತ್ತಾನೆ. ಬೆಳಿಗ್ಗೆ ಎದ್ದೆ, ಚಪ್ಪಲಿ ಹಾಕಿಕೊಂಡೆ, ಮುಖ ತೊಳೆದೆ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳಿ ಹೊರಟೆ. ಮೇಷ್ಟ್ರಿಗೆ ನಮಸ್ಕಾರ, ಗೆಳೆಯರಿಗೆ ನಮಸ್ಕಾರ. ನನ್ನ ಜಾಗ ಕೊಡು, ಆ ಕಡೆ ಸರಿ, ಇಲ್ಲಿ ನಾನು ಮೊದಲು ಕೂತಿದ್ದೆ. ಬರೆದೆ, ಮೇಷ್ಟ್ರಿಗೆ ತೋರಿಸಿದೆ, ಅವರು ತಿದ್ದಿದರು. ಮಧ್ಯಾಹ್ನ ಮನೆಗೆ ಬಂದು ಬಿಳಿ ಬ್ರೆಡ್ಡು, ಆಲಿವ್ ಕಾಯಿ, ಚೀಸ್, ಒಣ ಅಂಜೂರ ತಿಂದೆ, ತಣ್ಣೀರು ಕುಡಿದೆ, ಮತ್ತೆ ಶಾಲೆಗೆ ಹೋದೆ. ಬಿಳಿ ಬ್ರೆಡ್ಡು ತಿನ್ನುವವನು ಅಂದರೆ ಉಳ್ಳವರ ಮನೆಯ ಹುಡುಗ ಅಂತ ಗೊತ್ತಾಯಿತಲ್ಲ.

ಕಲಿಕೆ ಅಕ್ಷರದಿಂದ ಶುರು. ಆಮೇಲೆ ಎಲ್ಲ ವ್ಯಂಜನಕ್ಕೂ ಎಲ್ಲ ಸ್ವರ ಸೇರಿಸಿ ಬ, ಬೆ, ಬಿ, ಬೊ, ಬು ಅಂತ ಹೇಳಿಸುತ್ತಿದ್ದರು, ನಮ್ಮ ಕಾಗುಣಿತದ ಹಾಗೇ. ಆಮೇಲೆ ಪದ, ಆಮೇಲೆ ನೀತಿಮಾತಿನ ಸಾಲು. ಬರೆಯುವುದು ಮೇಣ ಸವರಿದ ಮರದ ಹಲಗೆಯ ಮೇಲೆ, ಚೂಪಾದ ಕಡ್ಡಿಯಿಂದ. ಕಡ್ಡಿಯ ಇನ್ನೊಂದು ತುದಿ ಚಪ್ಪಟೆ. ತಪ್ಪಾದರೆ ಅದರಿಂದ ಮೇಣ ಉಜ್ಜಿ ಸಮ ಮಾಡಿದರಾಯಿತು. ರೋಮನ್ ಆಳ್ವಿಕೆಯ ಈಜಿಪ್ಟಿನಿಂದ ಬಂದ, 2ನೇ ಶತಮಾನದ ಅಂಥ ಒಂದು ಹಲಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮೇಲೆ ಮೇಷ್ಟ್ರು ಮುದ್ದಾಗಿ ಎರಡು ಸಾಲು ಗ್ರೀಕ್ ಬರೆದಿದ್ದಾರೆ. ಬುದ್ಧಿವಂತನ ಸಲಹೆ ಕೇಳು, ಸಿಕ್ಕಸಿಕ್ಕ ಗೆಳೆಯರನ್ನೆಲ್ಲ ನಂಬಬೇಡ ಅಂತ. ಕೆಳಗೆ ಮಗು ಅದನ್ನೇ ಎರಡು ಸಲ ನಕಲು ಮಾಡಿದೆ. ಸಾಲಿನ ಕೊನೆಗೆ ಬಂದಾಗ ಜಾಗ ಸಾಲದೆ ಅಕ್ಷರ ಅಂಚಿನ ಗೆರೆ ದಾಟಿಬಿಟ್ಟಿದೆ. ಬುದ್ಧಿಮಾತಿಗಿಂತ ನನಗೆ ಇಷ್ಟವಾಗುವುದು ಆ ಗೆರೆ ದಾಟಿದ ಅಕ್ಷರಗಳೇ.

ಓದುವುದು ಈಗಿನಷ್ಟು ಸುಲಭವಿರಲಿಲ್ಲ. ಪದಗಳ ನಡುವೆ ಚುಕ್ಕೆ ಇಡುವ ಹಳೇ ರೂಢಿ ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ಹೆಚ್ಚುಕಡಿಮೆ ಹೊರಟುಹೋಗಿತ್ತು. ಹುಡುಗರುಬೆಳಿಗ್ಗೆಎದ್ದುಶಾಲೆಗೆಹೋದರು ಅಂತ ಬರೆದರೆ ಎಲ್ಲಿ ಕಡಿಯಬೇಕು ಅಂತ ಕಣ್ಣು ಹುಡುಕಬೇಕಲ್ಲ, ಪುಟಪುಟವೂ ಹಾಗೆ. ಅದಕ್ಕೇ ಗಟ್ಟಿಯಾಗಿ ಓದಿಸುವುದೇ ಒಂದು ಪಾಠ.

ಲೆಕ್ಕದ ಪಾಠದ ಒಂದು ತುಣುಕನ್ನು ಹೊರೇಸ್ ಹಾಗೇ ಹಿಡಿದಿಟ್ಟಿದ್ದಾನೆ. ರೋಮನ್ನರು ಯಾವುದನ್ನೂ ಹನ್ನೆರಡು ಪಾಲು ಮಾಡುತ್ತಿದ್ದರು, ಒಂದೊಂದು ಪಾಲಿಗೂ ಹೆಸರಿತ್ತು. ಮೇಷ್ಟ್ರು ಕೇಳುತ್ತಾನೆ: ಆಲ್ಬಿನಸ್‌ನ ಮಗ ಹೇಳಲಿ, ಹನ್ನೆರಡರಲ್ಲಿ ಐದು ಪಾಲಿನಿಂದ ಒಂದು ಪಾಲು ತೆಗೆದರೆ? ಮೂರನೇ ಒಂದು ಭಾಗ. ಭೇಷ್! ನೀನು ಆಸ್ತಿ ಉಳಿಸಿಕೊಳ್ಳುತ್ತೀಯ. ಅದೇ ಒಂದು ಪಾಲು ಸೇರಿಸಿದರೆ? ಅರ್ಧ. ಹೊರೇಸ್‌ಗೆ ಇದು ಹಿಡಿಸುವುದಿಲ್ಲ. ದುಡ್ಡಿನ ಈ ತುಕ್ಕು ಹಿಡಿದ ಮನಸ್ಸಿನಲ್ಲಿ ಕವಿತೆ ಎಲ್ಲಿ ಹುಟ್ಟುತ್ತದೆ ಅಂತ ಗೊಣಗುತ್ತಾನೆ. ಅಗಸ್ಟೀನ್‌ಗೂ 'ಒಂದು ಒಂದು ಎರಡು, ಎರಡು ಎರಡು ನಾಲ್ಕು' ಅನ್ನುವ ರಾಗದ ಮಗ್ಗಿ ಕಂಡರೆ ಆಗುತ್ತಿರಲಿಲ್ಲ.

ಬಹುಪಾಲು ಮಕ್ಕಳ ಓದು ಇಲ್ಲಿಗೆ ಮುಗಿಯುತ್ತಿತ್ತು. ಚಾರ್ಟಿನ ಮೆಟ್ಟಿಲು ಮುರಿಯುವುದೂ ಇಲ್ಲೇ. ಬಹಳ ಸಲ ಲೂಡುಸ್ ಅನ್ನುವುದು ಮುಂದಿನ ಹಂತಕ್ಕೆ ಏಣಿಯಾಗಿರದೆ ಬೇರೆಯದೇ ದಾರಿಯಾಗಿತ್ತು. ಸಾಮಾನ್ಯರ ಮಕ್ಕಳು ಅಲ್ಲಿ ಎರಡು ಮೂರು ವರ್ಷ ಕೂತು, ಹೆಸರು ಬರೆಯಲು, ಲೆಕ್ಕ ಇಡಲು ಕಲಿತು ಅಪ್ಪನ ಕಸುಬಿಗೆ ಹೋಗುತ್ತಿದ್ದರು. ಶ್ರೀಮಂತರ ಮಕ್ಕಳಲ್ಲಿ ಎಷ್ಟೋ ಜನ ಮನೆಯಲ್ಲೇ ಗುಲಾಮನ ಹತ್ತಿರ ಅಕ್ಷರ ಕಲಿತು ನೇರವಾಗಿ ಗ್ರಮ್ಮಾಟಿಕುಸ್, ಅಂದರೆ ಸಾಹಿತ್ಯದ ಮೇಷ್ಟ್ರ ಹತ್ತಿರ ಹೋಗುತ್ತಿದ್ದರು. ಅಕ್ಷರವೇ ಬಾರದವರು ಇವರೆಲ್ಲರಿಗಿಂತ ಎಷ್ಟೋ ಪಾಲು ಹೆಚ್ಚು.

ಗ್ರಮ್ಮಾಟಿಕುಸ್ ಹೇಳುತ್ತಿದ್ದದ್ದು ಮುಖ್ಯವಾಗಿ ಕಾವ್ಯ. ಗ್ರೀಕ್‌ನಲ್ಲಿ ಹೋಮರ್, ಲ್ಯಾಟಿನ್‌ನಲ್ಲಿ ವರ್ಜಿಲ್. ವರ್ಜಿಲ್‌ನ ಈನಿಯಡ್ ಮಕ್ಕಳ ತಲೆಗೆ ಎಷ್ಟು ಇಳಿದಿತ್ತು ಅಂದರೆ, ಅದರ ಮೊದಲ ಸಾಲು ಪೊಂಪೇಯ ಗೋಡೆಗಳ ಮೇಲೆ ಮತ್ತೆ ಮತ್ತೆ ಸಿಗುತ್ತದೆ. 'ಆಯುಧಗಳನ್ನೂ ಆ ವೀರನನ್ನೂ ಹಾಡುತ್ತೇನೆ' ಅನ್ನುವ ಸಾಲು ಅದು. ಬಟ್ಟೆ ಒಗೆಯುವವರ ಪೈಕಿ ಯಾರೋ ತರಲೆ ಅದನ್ನೇ ತಿರುಚಿ, ಅಗಸರನ್ನೂ ಗೂಬೆಯನ್ನೂ ಹಾಡುತ್ತೇನೆ, ಆಯುಧವನ್ನೂ ವೀರನನ್ನೂ ಅಲ್ಲ ಅಂತ ಗೀಚಿದ್ದಾನೆ. ಗೂಬೆ ಅಗಸರ ದೇವತೆ ಮಿನರ್ವಳ ಹಕ್ಕಿ. ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಉತ್ತರ ಬ್ರಿಟನ್ನಿನ ವಿಂಡೋಲಾಂಡ ಕೋಟೆಯಲ್ಲೂ ತೆಳ್ಳನೆ ಮರದ ಹಾಳೆಯ ಮೇಲೆ ಈನಿಯಡ್‌ನ ಒಂದು ಸಾಲಿನ ಕಾಪಿರೈಟಿಂಗ್ ಸಿಕ್ಕಿದೆ. ಕ್ರಿ.ಶ. 100ರ ಆಸುಪಾಸಿನದು. ಪಕ್ಕದಲ್ಲಿ ಬೇರೆ ಕೈಬರಹದ ಮೂರ್ನಾಲ್ಕು ಅಕ್ಷರಗಳಿವೆ. ಅದನ್ನು 'ಸೋಮಾರಿ ಕೆಲಸ' ಅನ್ನುವ ಮೇಷ್ಟ್ರ ಷರಾ ಅಂತ ಓದುವ ವಿದ್ವಾಂಸರಿದ್ದಾರೆ.

ಇದರ ಮೇಲೆ ರೆಟೋರ್, ಭಾಷಣ ಕಲಿಸುವವನು. ವಕೀಲಿಕೆ, ರಾಜಕೀಯಕ್ಕೆ ಹೋಗುವ ಹುಡುಗರಿಗೆ ಮಾತ್ರ. ನೀವು ಮಹಾ ಭಾಷಣಕಾರ ಸಿಸೆರೋ ಅಂದುಕೊಳ್ಳಿ, ನಿಮ್ಮ ವೈರಿ ಆಂಟನಿಯ ಹತ್ತಿರ ಜೀವಭಿಕ್ಷೆ ಬೇಡಬೇಕೋ ಬೇಡವೋ ವಾದ ಮಾಡಿ ಅಂತ ಕೊಡುತ್ತಿದ್ದರು. ಇನ್ನೊಂದು ಪ್ರಸಿದ್ಧ ಅಭ್ಯಾಸ ಕೇಳಿ. ಕಡಲ್ಗಳ್ಳರು ಹುಡುಗನನ್ನು ಹಿಡಿದರು. ಅಪ್ಪ ಬಿಡುಗಡೆಯ ಹಣ ಕಳಿಸಲಿಲ್ಲ. ಕಳ್ಳರ ನಾಯಕನ ಮಗಳು, ನನ್ನನ್ನು ಮದುವೆಯಾಗು ಅಂತ ಆಣೆ ಹಾಕಿಸಿಕೊಂಡು ಬಿಡಿಸಿದಳು. ಊರಿಗೆ ಬಂದ ಮೇಲೆ ಅಪ್ಪ, ಅವಳನ್ನು ಬಿಟ್ಟು ಶ್ರೀಮಂತ ಅನಾಥೆಯನ್ನು ಕಟ್ಟಿಕೋ ಅಂದ. ಮಗ ಒಪ್ಪಲಿಲ್ಲ, ಅಪ್ಪ ಮನೆಯಿಂದ ಹೊರಹಾಕಿದ. ಯಾರ ಪರವಾದರೂ ವಾದಿಸಿ! ಕೋರ್ಟಿನಲ್ಲಿ ಈ ಕಡಲ್ಗಳ್ಳರು ಎಲ್ಲಿ ಸಿಗುತ್ತಾರೆ ಅಂತ ಆಗಲೇ ಗೇಲಿ ಮಾಡುವವರಿದ್ದರು. ನಮ್ಮ ಸೀರಿಯಲ್ ಬರೆಯುವವರಿಗೆ ಸಿಕ್ಕಿದ್ದರೆ 500 ಎಪಿಸೋಡಿಗೆ ಚಿಂತೆಯಿರಲಿಲ್ಲ.

ಈಗ ಏಟಿನ ವಿಷಯ. ನಿಜ. ಪೊಂಪೇಯ ಒಂದು ಭಿತ್ತಿಚಿತ್ರದಲ್ಲಿ ಒಬ್ಬ ಹುಡುಗನನ್ನು ಇನ್ನೊಬ್ಬನ ಬೆನ್ನ ಮೇಲೆ ಹೊರಿಸಿ, ಮತ್ತೊಬ್ಬ ಕಾಲು ಹಿಡಿದುಕೊಂಡು, ಬಟ್ಟೆ ಬಿಚ್ಚಿ ಹೊಡೆಯುತ್ತಿದ್ದಾರೆ. ಪಕ್ಕದಲ್ಲಿ ಮೂರು ಮಕ್ಕಳು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಾರೆ. ಅಗಸ್ಟೀನ್ ಮಗುವಾಗಿದ್ದಾಗ, ಇವತ್ತು ಶಾಲೆಯಲ್ಲಿ ಏಟು ಬೀಳದಿರಲಿ ಅಂತ ದೇವರನ್ನು ಬೇಡಿಕೊಳ್ಳುತ್ತಿದ್ದ. ಮನೆಯವರು ನಕ್ಕರು. ಆ ನಗು ಅವನಿಗೆ ಕೊನೆಯವರೆಗೂ ಮರೆಯಲಿಲ್ಲ. ಮುದುಕನಾದ ಮೇಲೂ, ಸಾವು ಬೇಕೋ ಮತ್ತೊಮ್ಮೆ ಬಾಲ್ಯ ಬೇಕೋ ಅಂದರೆ ಯಾರು ತಾನೇ ಸಾವನ್ನು ಆರಿಸಿಕೊಳ್ಳುವುದಿಲ್ಲ ಅಂತ ಬರೆದ.

ಏಟು ಬೇಡ ಅಂದವನೂ ಇದ್ದ. ಸ್ಪೇನ್ ಮೂಲದ ಕ್ವಿಂಟಿಲಿಯನ್, 1ನೇ ಶತಮಾನದ ದೊಡ್ಡ ಶಿಕ್ಷಕ. ಮಕ್ಕಳಿಗೆ ಆಡಲು ದಂತದ ಅಕ್ಷರ ಕೊಡಿ, ಹಲಗೆಯಲ್ಲಿ ಕೊರೆದ ಅಕ್ಷರದ ಮೇಲೆ ಕಡ್ಡಿ ಆಡಿಸಿ ತಿದ್ದಿಸಿ, ಹೊಗಳಿ, ಆಗಾಗ ಬಿಡುವು ಕೊಡಿ ಅಂದ. ಹೊಡೆಯುವುದನ್ನು ಅವನು ವಿರೋಧಿಸಿದ್ದಕ್ಕೆ ಕೊಟ್ಟ ಮೊದಲ ಕಾರಣ ಏನು ಗೊತ್ತಾ? ಅದು ಅವಮಾನ, ಗುಲಾಮರಿಗೆ ತಕ್ಕ ಶಿಕ್ಷೆ ಅಂತ. ಗುಲಾಮರಿಗೆ ಬೀಳುವ ಏಟಿನ ಬಗ್ಗೆ ಅವನಿಗೆ ತಕರಾರಿಲ್ಲ. ಕ್ವಿಂಟಿಲಿಯನ್‌ನನ್ನು ಹೊಗಳುವವರು ಈ ಮಾತನ್ನು ಸುಮ್ನೆ ದಾಟಿಬಿಡುತ್ತಾರೆ.

ಆದರೆ ಗುಲಾಮರೂ ಓದುತ್ತಿದ್ದರು. ಓದಿದ ಗುಲಾಮನಿಗೆ ಬೆಲೆ ಜಾಸ್ತಿ, ಲೆಕ್ಕಪತ್ರ ಬರೆಯಲು ಬೇಕಲ್ಲ. ಚಕ್ರವರ್ತಿಯ ಮನೆಯ ಗುಲಾಮ ಹುಡುಗರಿಗೆ ತರಬೇತಿ ಕೊಡುವ ಜಾಗ ರೋಮ್‌ನ ಪ್ಯಾಲಟೈನ್ ಗುಡ್ಡದ ತಪ್ಪಲಲ್ಲಿತ್ತು. ಅಲ್ಲಿನ ಗೋಡೆಯಲ್ಲಿ ಗಾಣ ತಿರುಗಿಸುವ ಒಂದು ಕತ್ತೆಯ ಚಿತ್ರ ಗೀಚಿದ್ದರು. ಕೆಳಗೆ ಬರಹ: ದುಡಿ ಪುಟ್ಟ ಕತ್ತೆ, ನಾನು ದುಡಿದ ಹಾಗೆ, ನಿನಗೂ ಒಳ್ಳೇದಾಗುತ್ತೆ.

ಹೆಣ್ಣುಮಕ್ಕಳ ಬಗ್ಗೆ ಕೇಳಿದಿರಿ. ಮಾರ್ಷಲ್ ಆ ಗಲಾಟೆ ಮೇಷ್ಟ್ರನ್ನು ಬೈಯುವಾಗ, ಹುಡುಗರೂ ಹುಡುಗಿಯರೂ ದ್ವೇಷಿಸುವ ತಲೆ ಅಂತಾನೆ. ಅಂದರೆ ಲೂಡುಸ್‌ನಲ್ಲಿ ಹುಡುಗಿಯರೂ ಕೂರುತ್ತಿದ್ದರು. ಉಳ್ಳವರ ಮನೆಯಲ್ಲಿ ಮನೆಪಾಠ. ರೆಟೋರ್ ಹತ್ತಿರ ಹುಡುಗಿಯರನ್ನು ಕಳಿಸುತ್ತಿರಲಿಲ್ಲ, ಹನ್ನೆರಡು ಹದಿಮೂರಕ್ಕೆಲ್ಲ ಮದುವೆಯ ಮಾತು. ರೋಮನ್ ಲೇಖಕ ಪ್ಲಿನಿಯ ಗೆಳೆಯ ಫುಂಡಾನಸ್‌ನ ಮಗಳು ಮಿನಿಕಿಯಾ ಮಾರ್ಸೆಲ್ಲ ತನ್ನ ದಾದಿಯರನ್ನು, ಪೆಡಗೋಗ್‌ಗಳನ್ನು, ಮೇಷ್ಟ್ರುಗಳನ್ನು ತುಂಬಾ ಪ್ರೀತಿಸುತ್ತಿದ್ದಳು, ಮನಸ್ಸಿಟ್ಟು ಓದುತ್ತಿದ್ದಳು ಅಂತ ಪ್ಲಿನಿ ಬರೆಯುತ್ತಾನೆ. ಮದುವೆಯ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಕಾಯಿಲೆಯಿಂದ ಹೋದಳು. ಬಟ್ಟೆ, ಮುತ್ತು, ಒಡವೆಗೆ ಇಟ್ಟ ದುಡ್ಡನ್ನು ಅಪ್ಪ ಧೂಪಕ್ಕೂ ಸುಗಂಧಕ್ಕೂ ಖರ್ಚು ಮಾಡಿಸಿದ. ಅವಳ ಸಮಾಧಿಯ ಬರಹ ರೋಮ್ ಬಳಿ ಸಿಕ್ಕಿದೆ: ಬದುಕಿದ್ದು 12 ವರ್ಷ, 11 ತಿಂಗಳು, 7 ದಿನ.

ಸರ್ಕಾರ ಏನೂ ಮಾಡಲಿಲ್ಲವಾ? ವೆಸ್ಪೇಷಿಯನ್ ಚಕ್ರವರ್ತಿ ರೋಮ್‌ನಲ್ಲಿ ಲ್ಯಾಟಿನ್, ಗ್ರೀಕ್ ರೆಟೋರ್‌ಗಳಿಗೆ ಖಜಾನೆಯಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ ಸಂಬಳ ಕೊಟ್ಟ. ಆಗ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 900. ಮೇಲಿನ ಹಂತಕ್ಕೆ ಇಷ್ಟು ಸುರಿದ ರಾಜ್ಯ ಅಕ್ಷರದ ಮೇಷ್ಟ್ರ ಕಡೆ ತಿರುಗಿ ನೋಡಲಿಲ್ಲ. ಊರಿನ ದೊಡ್ಡವರು ಆಗಾಗ ಕೈಹಾಕುತ್ತಿದ್ದರು. ಪ್ಲಿನಿ ತನ್ನ ಊರು ಕೋಮಮ್‌ಗೆ ಹೋದಾಗ ಒಬ್ಬ ಹುಡುಗ ಅಪ್ಪನ ಜೊತೆ ನಮಸ್ಕಾರ ಹೇಳಲು ಬಂದ. ಓದುತ್ತಿದ್ದೀಯಾ? ಹೌದು. ಎಲ್ಲಿ? ಮಿಲಾನ್‌ನಲ್ಲಿ. ಇಲ್ಲೇಕಿಲ್ಲ? ಅಪ್ಪ ಹೇಳಿದ, ಇಲ್ಲಿ ಮೇಷ್ಟ್ರುಗಳೇ ಇಲ್ಲ. ಪ್ಲಿನಿ, ನೀವು ಎಷ್ಟು ಒಟ್ಟು ಮಾಡುತ್ತೀರೋ ಅದರ ಮೂರನೇ ಒಂದು ಭಾಗ ನಾನು ಸೇರಿಸುತ್ತೇನೆ ಅಂದ. ಪೂರ್ತಿ ಕೊಡಲು ಸಿದ್ಧನಿದ್ದ, ಬೇಕಂತಲೇ ಕೊಡಲಿಲ್ಲ. ಊರಿನ ದುಡ್ಡಲ್ಲಿ ಮೇಷ್ಟ್ರನ್ನು ಇಟ್ಟ ಕಡೆಯೆಲ್ಲ ವಶೀಲಿ ನಡೆಯುವುದನ್ನು ಅವನು ನೋಡಿದ್ದ. ಸ್ವಂತ ದುಡ್ಡು ಹೋದರೆ ಅಪ್ಪಂದಿರು ಎಚ್ಚರವಾಗಿರುತ್ತಾರೆ ಅನ್ನುವುದು ಅವನ ಲೆಕ್ಕ. ಒಳ್ಳೆ ಮೇಷ್ಟ್ರುಗಳನ್ನು ಹುಡುಕಿಕೊಡು ಅಂತ ಗೆಳೆಯ ಟ್ಯಾಸಿಟಸ್‌ಗೆ ಕಾಗದ ಬರೆದ. ಟ್ಯಾಸಿಟಸ್ ಅಂದರೆ ರೋಮ್‌ನ ಅತಿ ದೊಡ್ಡ ಇತಿಹಾಸಕಾರರಲ್ಲಿ ಒಬ್ಬ.

ನಿಮ್ಮ ಮಗಳು ಮೆಟ್ಟಿಲಿನ ಚಿತ್ರದ ಬದಲು ಬೇರೊಂದು ಬರೆಯಲಿ. ಜರ್ಮನಿಯ ಮೊಸೆಲ್ ನದಿಯ ದಂಡೆಯ ನೋಯ್‌ಮಾಗೆನ್‌ನಲ್ಲಿ ಸಿಕ್ಕಿದ, 2ನೇ ಶತಮಾನದ ಕೊನೆಯ ಒಂದು ಕಲ್ಲಿನ ಉಬ್ಬುಚಿತ್ರ ಇದೆ. ಈಗ ಟ್ರಿಯರ್ ಊರಿನ ಮ್ಯೂಸಿಯಂನಲ್ಲಿದೆ, ಫೋಟೋ ಸುಲಭವಾಗಿ ಸಿಗುತ್ತದೆ. ನಡುವೆ ಗಡ್ಡದ ಮೇಷ್ಟ್ರು. ಎರಡೂ ಪಕ್ಕ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಸುರುಳಿ ಬಿಚ್ಚಿಕೊಂಡ ಇಬ್ಬರು ಹುಡುಗರು. ಬಲತುದಿಯಲ್ಲಿ ಮೂರನೆಯವನು ಹಲಗೆ ಹಿಡಿದು ಈಗ ತಾನೇ ಒಳಗೆ ಬರುತ್ತಿದ್ದಾನೆ, ಒಂದು ಕೈ ಎತ್ತಿದ್ದಾನೆ. ಮೇಷ್ಟ್ರ ಮುಖ ಅವನ ಕಡೆ ತಿರುಗಿದೆ.